ಬಾಣಂತಿ ಕೋಣೆಯ ಪುಸ್ತಕ

ಅನ್ವಿತಾ, ಪ್ರಣವ್, ನಿಮ್ಮ ಅಜ್ಜ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಕುಲುಕಿ ನೋಡದೆ ಕೊಳ್ಳುತ್ತಿರಲಿಲ್ಲ. ಪ್ರೊಫೆಸರುಗಳನ್ನೂ ಹಾಗೆಯೇ ನೋಡುತ್ತಿದ್ದರು. ಕಾಸರಗೋಡಿನಲ್ಲಿ ಅವರದೊಂದು ಸಣ್ಣ ಪ್ರಕಾಶನವಿತ್ತು. ವಿಶ್ವವಿದ್ಯಾಲಯದವರ ಪುಸ್ತಕಗಳೇ ಹೆಚ್ಚು. ಹಸ್ತಪ್ರತಿ ಬಂದರೆ ಒಮ್ಮೆ ಕೂತು, ಒಮ್ಮೆ ನಿಂತು ಓದುವರು. "ಕೂತು ಓದಿದ್ರೆ ಎಲ್ಲ ಒಳ್ಳೆಯದೇ ಕಾಣ್ತದೆ," ಎನ್ನುವರು. ನಾನು ಬರೆದ ಸಾಮಾನಿನ ಚೀಟಿಯನ್ನೂ ಬಿಡುತ್ತಿರಲಿಲ್ಲ: "ಇಷ್ಟು ಜೀರಿಗೆ ಎಂತಕ್ಕೆ?"

ಊರಿಗೆ ಮೊಬೈಲು ಹೊಸದಾಗಿ ಬಂದ ಕಾಲ. ದೊಡ್ಡ ಪ್ರೊಫೆಸರೊಬ್ಬರು ನಮ್ಮ ಕಡೆಯ ಬಾಣಂತನದ ಬಗ್ಗೆ ಬರೆದ ಹಸ್ತಪ್ರತಿ ಕೊಟ್ಟು ಹೋದರು. ಅದನ್ನು ಓದುತ್ತಿದ್ದ ಅಜ್ಜ ಅಡುಗೆಮನೆಗೇ ಬಂದರು.

"ಇಲ್ಲಿ ಕೇಳು ಮಾರಾಯ್ತಿ. 'ಬಾಣಂತಿಗೆ ಬಿಸಿನೀರು ಹೊಯ್ಯುವಾಗ ನಾನು ಬಚ್ಚಲಿನಲ್ಲೇ ಕುಳಿತಿದ್ದೆ.' ಈ ಗಂಡಸನ್ನು ಅಲ್ಲಿಗೆ ಬಿಟ್ಟದ್ದು ಯಾರು?"

ನನಗೆ ನಗು ಬಂತು. ಅವರು ನಗಲಿಲ್ಲ.

ಪ್ರೊಫೆಸರನ್ನು ಕರೆಸಿ ಕೇಳಿದರು. ನಾನು ಚಹಾ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ.

"ಮಾಹಿತಿ ತಂದದ್ದು ನನ್ನ ವಿದ್ಯಾರ್ಥಿನಿ, ಜಯಂತಿ ಅಂತ. ಮುನ್ನುಡಿಯಲ್ಲಿ ಅವಳಿಗೊಂದು ಥ್ಯಾಂಕ್ಸ್ ಹಾಕಿದ್ರೆ ಆಯ್ತಲ್ಲ? ಎಲ್ಲ ಪ್ರಕಾಶಕರೂ ಮಾಡುವುದು ಅದನ್ನೇ," ಎಂದರು ಅವರು.

ಚಹಾ ತಣ್ಣಗಾದರೂ ಅಜ್ಜ ನನ್ನನ್ನು ಕರೆಯಲಿಲ್ಲ.

ಜಯಂತಿಯ ಮನೆ ಮೀಂಜದಲ್ಲಿ ಎಂದು ವಿಚಾರಿಸಿ, ನನ್ನನ್ನೂ ಕರೆದುಕೊಂಡು ಹೋದರು. ಅವಳು ತನ್ನ ಪ್ರಬಂಧ ತೋರಿಸಿದಳು. ಸಾಲಿಗೆ ಸಾಲು ಅದೇ. ಆದರೆ ಕೈಮುಗಿದಳು: "ಗಲಾಟೆ ಮಾಡ್ಬೇಡಿ ಅಣ್ಣ. ಅವರೇ ನನ್ನ ಗೈಡ್. ಅವರು ಸಹಿ ಹಾಕದಿದ್ರೆ ನನ್ನ ಡಾಕ್ಟರೇಟ್ ಹೋಯ್ತು."

ಸುಳ್ಳು ಕಂಡರೆ ಸಿಡಿಯುತ್ತಿದ್ದ ಮನುಷ್ಯ ಆಮೇಲೆ ವರ್ಷವಿಡೀ ಪ್ರೊಫೆಸರಿಗೆ ಸುಳ್ಳು ಹೇಳಿದರು. ಕಾಗದ ಬಂದಿಲ್ಲ, ಮೆಷಿನ್ ಕೆಟ್ಟಿದೆ, ಬೈಂಡಿಂಗಿನವನಿಗೆ ಜ್ವರ. "ನನಗೆ ನಿಮ್ಮ ಮೇಲೆ ಸಂಶಯ ಉಂಟು," ಎಂದು ಪ್ರೊಫೆಸರು ಫೋನಿನಲ್ಲಿ ರೇಗಿದರಂತೆ. "ಸಂಶಯ ಒಳ್ಳೆಯದು ಸಾರ್," ಎಂದರಂತೆ ಇವರು.

ಜಯಂತಿಗೆ ಡಾಕ್ಟರೇಟ್ ಸಿಕ್ಕಿದ ವಾರವೇ ಹಸ್ತಪ್ರತಿ ಪ್ರೊಫೆಸರಿಗೆ ವಾಪಸು ಹೋಯಿತು. ಅವಳ ಪ್ರಬಂಧವೇ ನಮ್ಮಲ್ಲಿ ಪುಸ್ತಕವಾಗಿ ಅವಳ ಹೆಸರಿನಲ್ಲಿ ಬಂತು. ಆಮೇಲೆ ವಿಶ್ವವಿದ್ಯಾಲಯದಿಂದ ಒಬ್ಬರೂ ನಮ್ಮ ಮೆಟ್ಟಿಲು ಹತ್ತಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಪ್ರಕಾಶನ ಮುಚ್ಚಿತು. ಬೇಸರ ಉಂಟಾ ಎಂದು ಒಮ್ಮೆ ಕೇಳಿದೆ. "ಸಂಶಯಪಡ್ಲಿಕ್ಕೆ ಈಗ ನೀನೊಬ್ಬಳೇ ಉಳಿದದ್ದು, ಅದೇ ಬೇಸರ," ಎಂದರು.

ಅವರು ತೀರಿಕೊಂಡ ದಿನ ಜಯಂತಿ ಬಂದು, ಹೆಂಗಸರ ನಡುವೆ ನನ್ನ ಪಕ್ಕ ಕೂತಳು. ಸಂಜೆಯವರೆಗೂ ಏಳಲಿಲ್ಲ.

ಈ ಹಾಳೆಗಳನ್ನು ಗೆದ್ದಲು ಹಿಡಿಯದ ಕಡೆ ಇಡಿ, ಮಕ್ಕಳೇ. ಯಾರಿಗಾದರೂ ಓದಿ ಹೇಳುವುದಾದರೆ, ಬರೆದದ್ದು ನಮ್ಮ ಅಜ್ಜಿ ಲಲಿತಾ ಎಂದು ಮೊದಲೇ ಹೇಳಿಬಿಡಿ.