ಖಾಕಿ ಚೀಲದ ಸರದಿ

ದೂರಿನ ಪುಸ್ತಕ ಕೊಡಿ ಎಂದು ಕೇಳಿದವಳು ನಾನೇ. ಆಮೇಲೆ ನೀವೇ ಕಂಡುಹಿಡಿದು ಬೈಯುವುದಕ್ಕಿಂತ ಈಗಲೇ ಒಪ್ಪಿಕೊಂಡುಬಿಡುವುದು ಮೇಲು.

ಮಧುಗಿರಿಯ ಬಸ್ ನಿಲ್ದಾಣದ ಹಿಂದೆ ಹೊಸದಾಗಿ ತೆರೆದಿರುವ ದೊಡ್ಡ ಅಂಗಡಿಯಲ್ಲಿ ಬಿಲ್ ಹಾಕುವ ಕೌಂಟರುಗಳು ನಾಲ್ಕಿವೆ. ನಾನು ಹೋದಾಗಲೆಲ್ಲ ಒಂದರಲ್ಲಿ ಮಾತ್ರ ಮನುಷ್ಯರು ಕಾಣುತ್ತಾರೆ, ಉಳಿದ ಮೂರಕ್ಕೆ ಸರಪಣಿ ಬಿಗಿದಿರುತ್ತದೆ. ಬಾಗಿಲಲ್ಲಿ ನಮ್ಮ ಕೈಚೀಲ ಕಸಿದುಕೊಂಡು ಟೋಕನ್ ಕೊಡುವವನು ಮಾತ್ರ ‘ಸುಸ್ವಾಗತ ಮೇಡಂ’ ಎಂದು ಬಾಯ್ತುಂಬ ಹೇಳುತ್ತಾನೆ. ಒಳಗೆ ಹೋಗುವಾಗ ಇರುವ ಈ ಮರ್ಯಾದೆ ಹೊರಗೆ ಬರುವಾಗ ಇರುವುದಿಲ್ಲ. ಕಳೆದ ತಿಂಗಳ ಒಂದು ಭಾನುವಾರ ಸಾಲಿನಲ್ಲಿ ನಾನು ಒಂಬತ್ತನೆಯವಳು. ನನ್ನ ಸ್ವಭಾವ ನಿಮಗೆ ಗೊತ್ತಿಲ್ಲ. ಕುಕ್ಕರಿನ ಮೂರನೇ ಕೂಗಿಗೆ ಕಾಯದೆ ಒಲೆ ಆರಿಸುವವಳು ನಾನು. ಮದುವೆಯಾದಾಗಿನಿಂದ ನಮ್ಮ ಯಜಮಾನರು ಸ್ವಲ್ಪ ಗಟ್ಟಿ ಬೇಳೆಯ ಸಾರನ್ನೇ ತಿಂದುಕೊಂಡು ಬಂದಿದ್ದಾರೆ, ಪಾಪ.

ಕೌಂಟರಿನಲ್ಲಿದ್ದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಹೊಸಬಳು ಎಂಬುದು ಕೈ ನೋಡಿದರೇ ತಿಳಿಯುತ್ತಿತ್ತು. ಸೋಪಿನ ಪೊಟ್ಟಣವನ್ನು ನಾಲ್ಕೂ ಮಗ್ಗುಲಿಗೆ ಹೊರಳಿಸಿ, ಯಂತ್ರದ ಕೆಂಪು ಬೆಳಕಿಗೆ ಹಿಡಿದು, ಅದು ಕೀಂ ಎನ್ನದಿದ್ದರೆ ಮತ್ತೆ ಹೊರಳಿಸಿ, ಕೊನೆಗೆ ನಂಬರುಗಳನ್ನು ಒಂದೊಂದಾಗಿ ಒತ್ತುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಟೈ ಕಟ್ಟಿಕೊಂಡು ಅಡ್ಡಾಡುತ್ತಿದ್ದ ಮ್ಯಾನೇಜರನ್ನು ಕೂಗಿ ದೂರಿನ ಪುಸ್ತಕ ಕೇಳಿದೆ. ಆತ ಎಷ್ಟು ಬೇಗ ತಂದುಕೊಟ್ಟನೆಂದರೆ, ಆ ಅಂಗಡಿಯಲ್ಲಿ ಚುರುಕಾಗಿ ಸಿಗುವ ವಸ್ತು ಅದೊಂದೇ ಅನ್ನಿಸಿತು.

“ಬರೀರಿ ಮೇಡಂ, ಧಾರಾಳವಾಗಿ ಬರೀರಿ. ಇವಳ ಮೇಲೆ ಈ ತಿಂಗ್ಳು ಆಗ್ಲೇ ಎರಡು ಬಂದೈತೆ. ಇನ್ನೊಂದು ಬಂದ್ರೆ ಮನೆಗೆ ಕಳಿಸೋದೇ,” ಎಂದ. ಅವಳಿಗೆ ಕೇಳಿಸಲಿ ಎಂದೇ ಅಷ್ಟು ಜೋರಾಗಿ ಹೇಳಿದ.

ಅವಳಿಗೆ ಕೇಳಿಸಿತು. ನನ್ನ ಕಡೆ ನೋಡಲಿಲ್ಲ. ಮುಂದಿನ ಪೊಟ್ಟಣವನ್ನು ಅವಸರದಲ್ಲಿ ಎಳೆದುಕೊಂಡಳು. ಅದರ ಮೂಲೆ ಎಲ್ಲಿಗೋ ಸಿಕ್ಕಿ ಹರಿದು, ಒಳಗಿದ್ದ ಓಮದ ಕಾಳು ಕೌಂಟರಿನ ಮೇಲೆಲ್ಲ ಚೆಲ್ಲಿತು. ಒಂದು ಕ್ಷಣದಲ್ಲಿ ಎಸಿಯ ತಣ್ಣನೆ ಗಾಳಿಯ ತುಂಬ ಓಮದ ಘಾಟು. ನಾನು ಪೆನ್ನಿನ ಕ್ಯಾಪು ತೆಗೆದವಳು ಹಾಗೇ ನಿಂತುಬಿಟ್ಟೆ, ಏಕೆಂದರೆ ಆ ವಾಸನೆ ನನ್ನನ್ನು ಸೀದಾ ಶಿರಾಕ್ಕೆ, ಬಷೀರ್ ಸಾಹೇಬರ ಅಂಗಡಿಗೆ ಎತ್ತಿಕೊಂಡು ಹೋಗಿತ್ತು.

ನಾನು ಹುಟ್ಟಿ ಬೆಳೆದದ್ದು ಶಿರಾದಲ್ಲಿ. ನಮ್ಮ ಬೀದಿಯ ತುದಿಯಲ್ಲಿ ಬಷೀರ್ ಸಾಹೇಬರ ದಿನಸಿ ಅಂಗಡಿ ಇತ್ತು. ಅಂಗಡಿಯ ಮುಂದೆ ಉದ್ದಕ್ಕೆ ಹಾಸಿದ ಒಂದು ಕಡಪ ಕಲ್ಲು, ರಸ್ತೆಯಾಚೆ ಒಂದು ಬೇವಿನ ಮರ. ಅಲ್ಲಿ ಸಾಲಿನಲ್ಲಿ ಯಾರೂ ನಿಲ್ಲುತ್ತಿರಲಿಲ್ಲ, ಚೀಲಗಳು ನಿಲ್ಲುತ್ತಿದ್ದವು. ಬಂದವರು ತಮ್ಮ ಚೀಲದೊಳಗೆ ಚೀಟಿ ಹಾಕಿ ಕಡಪ ಕಲ್ಲಿನ ಮೇಲೆ ಹಿಂದಿನ ಚೀಲದ ಪಕ್ಕ ಇಟ್ಟು, ಬೇವಿನ ಮರದ ನೆರಳಿಗೆ ಹೋಗಿ ಕೂರುವುದು. ಸಾಹೇಬರು ತುದಿಯಿಂದ ಒಂದೊಂದಾಗಿ ಚೀಲ ಎತ್ತಿಕೊಂಡು ತುಂಬುತ್ತಾ ಬರುವರು. ಚೀಟಿ ಇಲ್ಲದಿದ್ದರೂ ನಡೆಯುತ್ತಿತ್ತು. ಯಾವ ಚೀಲ ಯಾರ ಮನೆಯದು, ಆ ಮನೆಯಲ್ಲಿ ಎಷ್ಟು ಜನ, ಯಾರಿಗೆ ಕೆಮ್ಮು ಎಂಬುದೆಲ್ಲ ಅವರಿಗೆ ತಿಳಿದಿತ್ತು. ನಮ್ಮದು ಅಪ್ಪನ ಹಳೆಯ ಖಾಕಿ ಪ್ಯಾಂಟಿನಲ್ಲಿ ಅಮ್ಮ ಹೊಲಿದ ಚೀಲ. ಅದಕ್ಕೆ ಪ್ಯಾಂಟಿನ ಜೇಬು ಹಾಗೇ ಉಳಿದಿತ್ತು, ಚೀಟಿ ಇಡಲು ಬಲು ಅನುಕೂಲ.

ಆದರೆ ಸಾಹೇಬರು ಬಹಳ ನಿಧಾನ. ಬಿಲ್ ಕೌಂಟರಿನ ಹುಡುಗಿ ಅವರ ಮುಂದೆ ಕುದುರೆ ಏರಿದವಳಂತೆ. ಧನಿಯಾ ಅಂದರೆ ಮೊದಲು ಅಂಗೈಯಲ್ಲಿ ಉಜ್ಜಿ ಮೂಸಬೇಕು. ಮೂಸಿದ ಮೇಲೆ ಒಂದು ಮಾತಾಡಬೇಕು. “ಈ ಬೇಳೆ ನಿಂಗೆ ಬ್ಯಾಡ ಕಣಮ್ಮ, ಬೇಯಕಿಲ್ಲ. ಗುರುವಾರ ಹೊಸ ಮಾಲು ಬತ್ತೈತೆ, ಆವಾಗ ಬಾ,” ಎಂದು ಬಂದ ಗಿರಾಕಿಯನ್ನೇ ವಾಪಸು ಕಳಿಸುವ ಅಂಗಡಿಯವರನ್ನು ನಾನು ಆಮೇಲೆ ಕಂಡಿಲ್ಲ. ಗಿರಾಕಿ ಸೇವೆ ಎಂದು ಈಗ ಗೋಡೆಗೆ ಬರೆದು ಹಾಕುತ್ತಾರಲ್ಲ, ಅವರಿಗೆ ಆ ಮಾತು ಗೊತ್ತಿರಲಿಲ್ಲ. ಅವರನ್ನು ನೆನೆದರೆ ಈಗಲೂ ನನಗೆ ಪ್ರೀತಿ ಉಕ್ಕುತ್ತದೆ. ಆದರೆ ಹನ್ನೊಂದು ವರ್ಷದವಳಿಗೆ ಉಕ್ಕುತ್ತಿದ್ದದ್ದು ಸಿಟ್ಟು.

ಆ ದಿನ ಪಕ್ಕದ ಮನೆಯ ಟೀವಿಯಲ್ಲಿ ನಾಲ್ಕು ಗಂಟೆಗೆ ಸಿನಿಮಾ ಇತ್ತು. ಅಮ್ಮ ತಿಂಗಳ ಸಾಮಾನಿಗೆ ಉದ್ದನೆಯ ಚೀಟಿ ಬರೆದು ಕಳಿಸಿದ್ದಳು. ಕಲ್ಲಿನ ಮೇಲೆ ನನ್ನ ಮುಂದೆ ಆರು ಚೀಲ. ಸಾಹೇಬರು ಬೆಲ್ಲ ತರಲು ಒಳಕೋಣೆಗೆ ಹೋದರು. ಹೆಂಗಸರೆಲ್ಲ ಮರದ ಕೆಳಗೆ ಮಾತಿನಲ್ಲಿ ಮುಳುಗಿದ್ದರು. ನಾನು ಖಾಕಿ ಚೀಲವನ್ನು ಎತ್ತಿ ಎಲ್ಲಕ್ಕಿಂತ ಮುಂದೆ ಇಟ್ಟೆ. ಯಾರೂ ನೋಡಲಿಲ್ಲ. ಚೀಲವನ್ನು ಯಾರೂ ಸರಿಸುವುದಿಲ್ಲ ಎಂಬ ನಂಬಿಕೆಯ ಮೇಲೇ ಆ ಅಂಗಡಿ ನಡೆಯುತ್ತಿತ್ತು, ಆದ್ದರಿಂದ ನೋಡುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ.

ಸಾಹೇಬರು ಬಂದು ನಮ್ಮ ಚೀಲ ಎತ್ತಿಕೊಂಡು ಚೀಟಿಯ ಅರ್ಧಕ್ಕೆ ಬಂದಿರಬೇಕು, ಆಗ ಮರದ ಕಡೆಯಿಂದ ಒಬ್ಬ ಮುದುಕಿ ಓಡಿ ಬಂದಳು. ಪಾವಗಡದ ರಸ್ತೆಯಲ್ಲಿ ಒಳಕ್ಕೆ ಹೋಗುವ ಒಂದು ಹಳ್ಳಿಯ ಲಕ್ಷ್ಮಕ್ಕ. ಗೊಬ್ಬರದ ಚೀಲಕ್ಕೆ ಕೆಂಪು ಸೀರೆಯಂಚಿನ ಹಿಡಿ ಹೊಲಿದ ಅವಳ ಚೀಲ ಬರಿದಾಗಿ ಕಲ್ಲಿನ ಮೇಲೇ ಇತ್ತು.

“ಬಸ್ಸು ಪಾಯೆ ಸಾಯಿಬೂ, ಹೊಂಟೋಯ್ತು. ಇನ್ನು ಬೆಳಗಾನೇ ಬಸ್ಸು. ಮಗ್ಳು ಹಸೀ ಬಾಣಂತಿ, ಒಬ್ಳೇ ಅವ್ಳೆ. ನನ್ ಮುಂದೆ ಒಂದೇ ಚೀಲ ಇತ್ತಲ್ಲಪ್ಪ. ಎಣಿಸ್ಕಂಡೇ ನಾನು ನೆಳ್ಳಿಗೆ ಹೋಗಿದ್ದು,” ಎಂದಳು. ಜಗಳಕ್ಕೆ ಹೇಳಿದ್ದಲ್ಲ. ಲೆಕ್ಕ ಎಲ್ಲಿ ತಪ್ಪಿತೆಂದು ಅವಳಿಗೆ ನಿಜಕ್ಕೂ ತಿಳಿದಿರಲಿಲ್ಲ.

ಸಾಹೇಬರು ಕಲ್ಲಿನ ಉದ್ದಕ್ಕೂ ಒಮ್ಮೆ ನೋಡಿದರು. ಅರ್ಧ ತುಂಬಿದ ಖಾಕಿ ಚೀಲ ನೋಡಿದರು. ಆಮೇಲೆ ನನ್ನನ್ನು. ಅವರು ಬೈಯಲಿಲ್ಲ. ಖಾಕಿ ಚೀಲ ಕೆಳಗಿಟ್ಟು ಲಕ್ಷ್ಮಕ್ಕನ ಚೀಲ ಎತ್ತಿಕೊಂಡರು. ಬಾಣಂತಿಯ ಸಾಮಾನು: ಮೆಣಸು, ಒಣಶುಂಠಿ, ಹಿಪ್ಪಲಿ, ಓಮ. ಅಷ್ಟು ಹೊತ್ತಾಗಿದ್ದರೂ ಓಮವನ್ನು ಅಂಗೈಯಲ್ಲಿ ಉಜ್ಜಿ ಮೂಸದೆ ಕಟ್ಟಲಿಲ್ಲ. ಬಾಣಂತಿಗೆ ಹೋಗುವ ಓಮ ಹಳತಾಗಿರಬಾರದು. ಅಂಗಡಿಯ ತುಂಬ ಅದರ ಘಾಟು ಎದ್ದಿತು.

ಆಮೇಲೆ ಗೋಡೆಗೆ ಒರಗಿಸಿದ್ದ ಮೊಪೆಡ್ ಹೊರಗೆ ತೆಗೆದರು. “ಬೇಟೀ, ಇಲ್ಲಿ ಬಾ. ನನ್ ಸ್ಟೂಲ್ ಮ್ಯಾಲೆ ಕುಂತ್ಕ. ಇವ್ರನ್ನ ಊರಿಗೆ ಬುಟ್ಬುಟ್ಟು ಬತ್ತೀನಿ. ಅಲ್ಲೀಗಂಟ ಒಂದು ಚೀಲಾನೂ ಅಲ್ಲಾಡಬಾರ್ದು.”

ಹಿಂದಿನ ಸೀಟಿನಲ್ಲಿ ಚೀಲ ತಬ್ಬಿಕೊಂಡು ಕೂತ ಲಕ್ಷ್ಮಕ್ಕನನ್ನು ಕರೆದುಕೊಂಡು ಅವರು ಹೊರಟೇ ಹೋದರು.

ಎದುರಿನಿಂದ ನೋಡಿದರೆ ಸ್ಟೂಲು ರಾಜನ ಪೀಠದಂತೆ ಕಾಣುತ್ತಿತ್ತು. ಅದರ ಮೇಲೆ ಕೂತಾಗ ತಿಳಿಯಿತು, ಎಲ್ಲರ ಕಣ್ಣೂ ಬಂದು ಬೀಳುವ ಜಾಗ ಅದು. ಒಬ್ಬರಾದ ಮೇಲೊಬ್ಬರು ಬಂದು ಕೇಳಿದರು. “ಸಾಹೇಬ್ರೆಲ್ಲಿ?” “ಇನ್ನೂ ಎಷ್ಟೊತ್ತು?” ಒಬ್ಬಾಕೆ ಮೃದುವಾಗಿ ಕೇಳಿದಳು, ಇನ್ನೊಬ್ಬಾಕೆ ಲೊಚಗುಟ್ಟಿದಳು. ಮೂರನೆಯವಳು, “ಇವಳನ್ಯಾಕೆ ಕೂರ್ಸವ್ರೆ, ಬೊಂಬೆ ಇದ್ದಂಗವ್ಳೆ,” ಎಂದಳು. ಎಲ್ಲರಿಗೂ ಉತ್ತರ ಹೇಳಬೇಕಾದವಳು ನಾನು, ನನ್ನ ಕೈಯಲ್ಲಾದರೋ ಏನೂ ಇರಲಿಲ್ಲ. ಕಾಯುವುದು ಕಷ್ಟ ಎಂದುಕೊಂಡಿದ್ದೆ. ಕಾಯುತ್ತಿರುವವರ ಮುಖಗಳನ್ನು ಎದುರಿಗೆ ಇಟ್ಟುಕೊಂಡು ಕೂರುವುದು ಅದಕ್ಕಿಂತ ಕಷ್ಟ ಎಂದು ಆ ಒಂದೂವರೆ ಗಂಟೆಯಲ್ಲಿ ಕಲಿತೆ. ಬಾಣಂತಿಯೊಬ್ಬಳು ಒಬ್ಬಳೇ ಬಾಗಿಲು ನೋಡುತ್ತ ಮಲಗಿದ್ದಾಳೆ ಎಂದು ನೆನೆದಾಗಲೆಲ್ಲ ಮೊಪೆಡ್ ಹೋದ ದಾರಿಯತ್ತ ನೋಡುತ್ತಿದ್ದೆ. ಸಿನಿಮಾ ನೆನಪಾಗಲೇ ಇಲ್ಲ. ನಡುವೆ ಎದ್ದು, ಅವರ ಅಪ್ಪಣೆ ಮೀರಿ, ಒಂದೇ ಒಂದು ಚೀಲ ಅಲ್ಲಾಡಿಸಿದೆ. ಅರ್ಧ ತುಂಬಿದ ಖಾಕಿ ಚೀಲವನ್ನು ಎಲ್ಲರ ಹಿಂದೆ, ಕಲ್ಲಿನ ಕೊನೆಗೆ ಇಟ್ಟು ಬಂದೆ.

ಹೊತ್ತು ಇಳಿಯುವ ಮುಂಚೆ ಗಡ್ಡದ ತುಂಬ ಧೂಳು ತುಂಬಿಕೊಂಡು ಸಾಹೇಬರು ಬಂದರು. “ಗಂಡು ಮಗು ಕಣಮ್ಮ. ಒಂಬತ್ತು ತಿಂಗ್ಳು ತುಂಬೋಗಂಟ ಕಾಯದಂಗೆ ಮುಂಚೇನೇ ಬಂದ್ಬುಟ್ಟೈತೆ. ಅದೂ ನಿನ್ನಂಗೇ ಅವಸರದ್ದು,” ಎಂದರು. ಅವರು ಕಲ್ಲಿನ ಉದ್ದಕ್ಕೂ ಕಣ್ಣಾಡಿಸಿ, ಕೊನೆಯಲ್ಲಿದ್ದ ಖಾಕಿ ಚೀಲದ ಮೇಲೆ ಒಂದು ಗಳಿಗೆ ನೋಟ ನಿಲ್ಲಿಸಿದರು. “ಈಗ ಸರೋಯ್ತು,” ಎಂದು ಮೊದಲಿನ ಚೀಲ ಎತ್ತಿಕೊಂಡರು. ನಾನು ಚೀಲ ಸರಿಸಿದ ಸುದ್ದಿಯನ್ನು ನಮ್ಮ ಮನೆಗೆ ಅವರು ಮುಟ್ಟಿಸಲೇ ಇಲ್ಲ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಮಧುಗಿರಿಯ ಸಾಲು ಎರಡು ಹೆಜ್ಜೆ ಮುಂದೆ ಹೋಗಿತ್ತು. ಹುಡುಗಿ ಚೆಲ್ಲಿದ ಓಮವನ್ನು ಅಂಗೈಯಿಂದ ಒಟ್ಟುಮಾಡುತ್ತಿದ್ದಳು. ಅವಳು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಿದ್ದದ್ದು ಆಗ ಕಂಡಿತು. ಬೆಳಿಗ್ಗೆಯಿಂದ ನಿಂತೇ ಇದ್ದಾಳೆ. ಅವಳ ಹಿಂದೆ ಕೂರಲು ಏನೂ ಇರಲಿಲ್ಲ. ನಾಚಿಕೆಯಾಯಿತು ನನಗೆ. ಆದರೆ ಪುಸ್ತಕ ತೆಗೆದುಕೊಂಡದ್ದಾಗಿತ್ತು, ಮ್ಯಾನೇಜರ್ ಕಾಯುತ್ತಿದ್ದ. ಬರೆದೆ: ‘ಬಿಲ್ ಹಾಕುವವರಿಗೆ ಕೂರಲು ಸ್ಟೂಲ್ ಇಲ್ಲ. ಮೂರು ಕೌಂಟರುಗಳಿಗೆ ಜನವೇ ಇಲ್ಲ. ತಡವಾಗುವುದು ಈ ಹುಡುಗಿಯಿಂದಲ್ಲ.’ ಹೆಸರು ಬರೆದು ಸಹಿ ಹಾಕಿದೆ. ನನ್ನ ಹಿಂದಿದ್ದವರು ಇಣುಕಿ ಓದಿ, ಪೆನ್ನು ಕೇಳಿ ಅವರೂ ಸಹಿ ಹಾಕಿದರು. ಮ್ಯಾನೇಜರ್ ಪುಸ್ತಕ ಓದಿ, ಟೈ ಸರಿಮಾಡಿಕೊಂಡು ಒಳಗೆ ಹೋದ.

ನನ್ನ ಸರದಿ ಬಂದಾಗ ಹುಡುಗಿ ತಗ್ಗಿದ ದನಿಯಲ್ಲಿ ಕೇಳಿದಳು. “ಆಂಟಿ, ನನ್ ಮೇಲೆ ಏನ್ ಬರೆದ್ರಿ?”

“ನಿನ್ ಮೇಲೆ ಏನೂ ಇಲ್ಲ ಕಣಮ್ಮ. ನಿಧಾನಕ್ಕೆ ಹಾಕು.”

ಮುಂದಿನ ಎರಡು ಭಾನುವಾರವೂ ಸ್ಟೂಲ್ ಬರಲಿಲ್ಲ, ಎರಡು ಸಲವೂ ಪುಸ್ತಕ ಕೇಳಿ ಅದನ್ನೇ ಬರೆದೆ. ಹುಡುಗಿ ಮಾತ್ರ ಅಲ್ಲೇ ಇದ್ದಳು. ಮೊನ್ನೆ ಹೋದಾಗ ಕೌಂಟರಿನ ಹಿಂದೆ ಒಂದು ಪ್ಲಾಸ್ಟಿಕ್ ಸ್ಟೂಲ್ ಕಾಣುತ್ತದೆಯೇ ಎಂದು ದೂರದಿಂದಲೇ ಕತ್ತು ಚಾಚಿ ನೋಡಿದೆ. ಕೌಂಟರಿನ ಹಿಂದೆ ಇರಲಿಲ್ಲ, ಮುಂದೆ ಇತ್ತು. ಅದರ ಮೇಲೆ ಕೊಳಾಲದ ಕಡೆಯ ಒಬ್ಬ ಅಜ್ಜಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. “ನಿನಗೆ ಕೊಟ್ಟಿದ್ದಲ್ವೇನೇ ಅದು?” ಎಂದು ಕೇಳಿದ್ದಕ್ಕೆ ಹುಡುಗಿ, “ಅಜ್ಜಿ ನಿಂತ್ಕಂಡಿತ್ತಲ್ಲ ಆಂಟಿ,” ಎಂದು ಬೇಳೆಯ ಪೊಟ್ಟಣವನ್ನು ನಾಲ್ಕೂ ಮಗ್ಗುಲಿಗೆ ಹೊರಳಿಸತೊಡಗಿದಳು.

ಸಾಲಿನಲ್ಲಿ ನಾನು ಏಳನೆಯವಳು. ಬುಟ್ಟಿಯನ್ನು ಮುಂದಿನವರ ಬುಟ್ಟಿಯ ಹಿಂದೆ ನೆಲದ ಮೇಲಿಟ್ಟು, ಕೈಕಟ್ಟಿ ನಿಂತೆ.