ನಾನು ಓದಿ ಹೇಳಿದ ಸ್ಕ್ಯಾನ್ ವರದಿ

ಇನ್ನೊಬ್ಬರ ದೇಹದ ಸತ್ಯವನ್ನು ಸಾರುವ ಹಕ್ಕನ್ನು ನಿಮಗೆ ಯಾರು ಕೊಟ್ಟರು? ಈ ಪ್ರಶ್ನೆಯನ್ನು ಯಾರಾದರೂ ನನಗೆ ಅಂದೇ ಕೇಳಬೇಕಿತ್ತು.

ಅಮೀರ್‌ಪೇಟೆಯ ಗೋಡೆಗೋಡೆಗೂ ಸಾಫ್ಟ್‌ವೇರ್ ತರಬೇತಿಯ ಜಾಹೀರಾತು ಅಂಟಿದ್ದ ಕಾಲ. ಹಾಸ್ಟೆಲ್ಲಿನ ನನ್ನ ಕೋಣೆಯಲ್ಲಿ ಬೀದರ ಕಡೆಯ ಗೆಳೆಯನೊಬ್ಬನಿದ್ದ. ಅವನಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗಿಯ ತಂದೆಗೆ ಕಾಚಿಗೂಡದಲ್ಲಿ ಬಟ್ಟೆಯಂಗಡಿ. ಸ್ನಾನ ಮಾಡುವಾಗ ಎಡ ವೃಷಣದ ಮೇಲೆ ಗಂಟೊಂದು ಕೈಗೆ ತಗಲಿದ್ದನ್ನು ಅವನು ನನಗೊಬ್ಬನಿಗೇ ಹೇಳಿದ. ತೆಳುಗೋಡೆಯ ಹಾಸ್ಟೆಲ್ಲಿನಲ್ಲಿ ಗುಟ್ಟು ನಿಲ್ಲಲಿಲ್ಲ. ಕ್ಯಾನ್ಸರ್ ಎಂಬ ಪಿಸುಮಾತು ಹಬ್ಬಿತು.

ಸ್ಕ್ಯಾನ್ ಸೆಂಟರಿನಲ್ಲಿ ಚೀಟಿ ತೋರಿಸಿದವರ ಕೈಗೆ ವರದಿ ಕೊಡುತ್ತಿದ್ದರು. ಅವನಿಗೆ ಕ್ಲಾಸು ಇದ್ದುದರಿಂದ ನಾನು ಹೋದೆ, ಲಕೋಟೆಯನ್ನು ಅಲ್ಲೇ ಬಿಚ್ಚಿ ಓದಿದೆ. ಅದು ಗಡ್ಡೆಯಲ್ಲ, ಹುಟ್ಟಿನಿಂದಲೇ ಇದ್ದ ಮೂರನೆಯ ವೃಷಣ. ತೀರ ಅಪರೂಪ, ಆದರೆ ರಕ್ತಸಂಚಾರ ಸಹಜ. ಆಪರೇಷನ್ ಬೇಡ, ಮಕ್ಕಳಾಗಲು ಅಡ್ಡಿಯಿಲ್ಲ, ಆಗಾಗ ಸ್ಕ್ಯಾನ್ ಮಾಡಿಸಿದರೆ ಸಾಕೆಂದು ಅಲ್ಲಿನ ವೈದ್ಯರು ನನಗೇ ಹೇಳಿ ಕಳಿಸಿದರು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದವನು. ಅಜ್ಞಾನಕ್ಕೆ ಮಾಹಿತಿಯೇ ಮದ್ದೆಂದು ನಂಬಿದ್ದೆ. ಮಧ್ಯಾಹ್ನ, ಅವನು ಬರುವ ಮೊದಲೇ, ಮೆಸ್ಸಿನಲ್ಲಿ ಎದ್ದು ನಿಂತು ವರದಿಯನ್ನು ಓದಿದೆ. ಇದರಲ್ಲಿ ನಾಚುವಂಥದ್ದೇನೂ ಇಲ್ಲವೆಂದು ವಾದಿಸಿದೆ. ಯಾರೋ ತಟ್ಟೆ ಬಡಿದರು. ಅವನು ಬಾಗಿಲಿಗೆ ಬರುವಷ್ಟರಲ್ಲಿ ಹೊಸ ಹೆಸರು ಸಿದ್ಧವಾಗಿತ್ತು.

"ಮೂರು ಗಾಲಿ ಆಟೋ ಬಂತ್ರಿ, ಸರೀರಿ. ಕಾಚಿಗೂಡಕ್ಕ ಹೊಂಟೈತಿ."

ಅವನು ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿದ. ಉಣ್ಣದೆ ಹಿಂದಿರುಗಿದ.

ವಾರದೊಳಗೆ ಮಾತು ಹುಡುಗಿಯ ಮನೆಯನ್ನು ಮುಟ್ಟಿತು. ನಾನು ಅಂಗಡಿಗೆ ಹೋಗಿ, ವೈದ್ಯರು ಹೇಳಿದ್ದನ್ನೆಲ್ಲ ಒಂದೊಂದಾಗಿ ಮುಂದಿಟ್ಟೆ. ಆಕೆಯ ತಂದೆ ಚಹಾ ತರಿಸಿ, ಕೊನೆಯವರೆಗೂ ಕೇಳಿದರು.

"ನೀವು ಹೇಳೋದು ಖರೇನ ಇರಬೇಕ್ರಿ. ಆದ್ರ ಮಂದಿ ಆಟೋ ಅಂತ ಕರಿಯೋ ಹುಡುಗಗ ಮಗಳ್ನ ಹ್ಯಾಂಗ ಕೊಡ್ಲಿ?"

ಸಂಬಂಧ ಮುರಿಯಿತು. ಗೆಳೆಯ ಸನತ್‌ನಗರದಲ್ಲಿ ಬೇರೆ ಕೋಣೆ ಹಿಡಿದ. ಹೊರಡುವ ದಿನ ಹಾಸಿಗೆ ಸುತ್ತುತ್ತ, ನನ್ನ ಕಡೆ ತಿರುಗದೆಯೇ ಹೇಳಿದ: "ಕ್ಯಾನ್ಸರ್ ಆಗಿದ್ರ ನೀ ಬಾಯಿ ಮುಚ್ಕೊಂಡಿರ್ತಿದ್ದಿ ನೋಡು."



ಇನ್ನೊಬ್ಬರ ವರದಿಯನ್ನು ತರಲು ಹೋದಾಗ ದಯವಿಟ್ಟು ಲಕೋಟೆಯನ್ನು ತೆರೆಯಬೇಡಿ. ಹಾಗೆಯೇ ತಂದು ಅವರ ಕೈಗೇ ಕೊಡಿ.