‘ಲ್ಯಾಂಬ್’ ಎಂದು ಬರೆದವಳು ನಾನು

ಬಡವನಹಳ್ಳಿಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರು. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಚಿಕ್ಕವಳಿದ್ದಾಗ ಮಾಂಸದ ಅಂಗಡಿಯ ಮುಂದೆ ಹೋಗುವಾಗಲೆಲ್ಲ ಅಮ್ಮ ಸೆರಗಿನ ತುದಿಯಿಂದ ನನ್ನ ಮೂಗು ಮುಚ್ಚುತ್ತಿದ್ದಳು. ಅಂಥ ಮನೆಯ ನಾನು ಶಿರಾದ ಒಬ್ಬ ಕುರಿ ವ್ಯಾಪಾರಿಗೂ ಆಫ್ರಿಕಾದ ಘಾನಾ ದೇಶದ ಒಬ್ಬ ಹೆಂಗಸಿಗೂ ನಡುವೆ ಕೂತು ಐಸಿನಲ್ಲಿಟ್ಟ ಮಾಂಸದ ರೇಟು ಮಾತಾಡಿದೆ ಅಂದರೆ ನಮ್ಮ ಮನೆಯವರು ಇವತ್ತಿಗೂ ನಂಬುವುದಿಲ್ಲ.

ಆ ವ್ಯಾಪಾರಿಯ ಮಗಳು ನನ್ನ ಶಿಷ್ಯೆಯಾಗಿದ್ದವಳು. ಅವಳ ಮದುವೆಯ ಕಾರ್ಡು ಕೊಡಲು ಬಂದಾಗ ಅವರು ಫೋನು ಮುಂದೆ ಹಿಡಿದರು. ಘಾನಾದಲ್ಲಿ ಕೆಲಸಕ್ಕಿರುವ ಅವರ ಸಂಬಂಧಿಕರೊಬ್ಬರು ಅಲ್ಲಿಯ ಮಾಂಸದ ವ್ಯಾಪಾರದ ಹೆಂಗಸೊಬ್ಬರ ಪರಿಚಯ ಮಾಡಿಸಿದ್ದರು. ಆಕೆ ಇಂಗ್ಲಿಷಿನಲ್ಲಿ ಕಳಿಸುತ್ತಿದ್ದ ಮೆಸೇಜುಗಳು ಇವರಿಗೆ ಅರ್ಥವಾಗುತ್ತಿರಲಿಲ್ಲ.

“ಟೀಚರಮ್ಮ, ನಾನು ಹೇಳಿದ್ದನ್ನ ನೀವು ಬರೀರಿ. ಆಯಮ್ಮ ಬರ್ದಿದ್ದನ್ನ ನಂಗೆ ಹೇಳಿ. ಬಸ್, ಇಷ್ಟೇ ಕೆಲಸ,” ಅಂದರು.

ದುಡ್ಡು ಬೇಡ ಅಂದೆ. ನಿಜ ಹೇಳಬೇಕೆಂದರೆ ನನಗೂ ಆಸೆಯಿತ್ತು. ಮಕ್ಕಳಿಗೆ ಅದೇ ಪಾಠ, ಅದೇ ವ್ಯಾಕರಣ ಹೇಳಿ ಹೇಳಿ ಬೇಸತ್ತಿದ್ದೆ. ಯಾರೋ ದೂರದವರ ಜೊತೆ ನಿಜವಾದ ಇಂಗ್ಲಿಷಿನಲ್ಲಿ ಮಾತಾಡುವುದು ನನಗೆ ಹಬ್ಬದಂತೆ ಕಂಡಿತು.

ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಶಿರಾದ ಅವರ ಮನೆಗೆ ಹೋಗಿ ಫೋನು. ಆಕೆಯ ದನಿ ದಪ್ಪ. ಹಿಂದೆ ಯಾವಾಗಲೂ ಜನರೇಟರಿನ ಸದ್ದು. ಆಕೆಗೆ ಪೇಟೆಯಲ್ಲಿ ಎರಡು ಅಂಗಡಿ; ದೊಡ್ಡ ದೊಡ್ಡ ಫ್ರೀಜರುಗಳಲ್ಲಿ ಹಡಗಿನಿಂದ ಬಂದ ಮಾಂಸದ ಡಬ್ಬಗಳು. ಕಲ್ಲಿನಂತೆ ಗಟ್ಟಿಯಾದದ್ದನ್ನು ಗರಗಸದಲ್ಲಿ ಕೊಯ್ದು ಮಾರುತ್ತಿದ್ದಳಂತೆ. ಡಾಲರ್ ಏರಿದ ದಿನ ಇವಳ ರೇಟೂ ಏರಬೇಕು. ಏರಿಸಿದರೆ ಗಿರಾಕಿಗಳು ಕುರಿ ಬಿಟ್ಟು ಕೋಳಿ ಕೊಳ್ಳುತ್ತಾರೆ, ಕೋಳಿಯೂ ಏರಿದರೆ ಮೀನು. “ನನ್ನ ಗಿರಾಕಿಗಳೆಲ್ಲ ಹೆಂಗಸರು, ಮೇಡಂ. ಅವರಿಗೆ ಸುಳ್ಳು ಹೇಳಲು ಆಗುವುದಿಲ್ಲ,” ಅಂದಿದ್ದಳು ಒಮ್ಮೆ.

ನಾಲ್ಕನೆಯ ಶನಿವಾರ ಆಕೆ ರೇಟು ಹೇಳಿದಳು. ನಾನು ಅದನ್ನು ರೂಪಾಯಿಗೆ ತಿರುಗಿಸಿ ಹೇಳಿದ ಕೂಡಲೇ ವ್ಯಾಪಾರಿ ಕುರ್ಚಿಯಿಂದ ಎದ್ದೇಬಿಟ್ಟರು.

“ಏನಂದ್ರಿ? ಇನ್ನೊಂದ್ಸಲ ಕೇಳಿ ಟೀಚರಮ್ಮ. ತಪ್ಪಿ ಹೇಳಿರ್ತಾಳೆ.”

ಕೇಳಿದೆ. ಅದೇ ರೇಟು. ಶಿರಾ ಸಂತೆಯಲ್ಲಿ ಸಿಗುವುದಕ್ಕಿಂತ ಎಷ್ಟೋ ಮೇಲೆ. ಅವತ್ತು ಅವರು ನನಗೆ ಒಂದು ಡಜನ್ ಮೂಸಂಬಿ ಕೊಡಿಸಿ ಬಸ್ಸು ಹತ್ತಿಸಿದರು.

ಕುರಿಗಳನ್ನು ಒಟ್ಟುಮಾಡಲು ಮೂರು ವಾರ ಹಿಡಿಯಿತು. ದೊಡ್ಡೇರಿ ಕಡೆಯಿಂದ ಒಂದಿಷ್ಟು, ಉಳಿದದ್ದೆಲ್ಲ ಪಾವಗಡದ ಕಡೆಯದು. ಶಿರಾದ ಹೊರಗೆ ಅವರ ಶೆಡ್ಡು. ಅಲ್ಲಿಂದ ಲಾರಿ ಬೇರೆ ಜಿಲ್ಲೆಯ ಒಂದು ಕಾರ್ಖಾನೆಗೆ ಹೋಗಬೇಕು. ಅಲ್ಲೇ ಕೊಯ್ದು, ಐಸು ಮಾಡಿ, ಡಬ್ಬಕ್ಕೆ ತುಂಬಿ, ಚೀಟಿ ಅಂಟಿಸಿ ಹಡಗಿಗೆ ಕಳಿಸುತ್ತಾರೆ. ಲಾರಿ ಹೊರಡುವ ದಿನ ಆಕೆ ಕುರಿಗಳ ಫೋಟೋ ಕೇಳಿದಳು. ಫೋಟೋದ ಕೆಳಗೆ ನಾಲ್ಕು ಸಾಲು ಬರೆಯಬೇಕಲ್ಲ, ಅದಕ್ಕೆ ನಾನೂ ಹೋದೆ.

ಶೆಡ್ಡಿನಲ್ಲಿ ನಾಗಲಮಡಿಕೆ ಕಡೆಯ ಒಬ್ಬ ಹಿರಿಯರಿದ್ದರು, ತೆಲುಗು ಬೆರೆತ ಕನ್ನಡ ಅವರದು. ಅರ್ಧಕ್ಕರ್ಧ ಕುರಿ ಅವರವೇ. ನಾನು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಫೋಟೋ ತೆಗೆಯುತ್ತಾ, ಮಾತಿಗೆಂದು, “ಮರಿಗಳು ಚೆನ್ನಾಗಿ ಬೆಳೆದಿವೆ ಅಲ್ವಾ?” ಅಂದೆ.

ಹಿರಿಯರು ನಕ್ಕುಬಿಟ್ಟರು. “ಮರಿಗ್ಳಾ? ಅಯ್ಯೋ, ಇವು ಗೊರ್ರೆಗಳು ಕಣಮ್ಮ, ಬಲ್ತ ಕುರಿಗ್ಳು. ಗೊರ್ರೆಪಿಲ್ಲ ಒಂದೂ ಇಲ್ಲ ಇದ್ರಾಗೆ. ಬಾ ಇಲ್ಲಿ, ತೋರುಸ್ತೀನಿ.” ಒಂದು ಟಗರಿನ ಕೆಳದುಟಿ ಎಳೆದು ಹಿಡಿದರು. “ನೋಡು, ಮುಂದ್ಗಡೆ ದೊಡ್ಡಲ್ಲು ನಾಕು. ಇದು ನಾಕಲ್ಲಿಂದು. ಅದು ಆರಲ್ಲಿಂದು. ಹಾಲಲ್ಲು ಇದ್ರೇನೇ ಮರಿ. ಒಂದು ವರ್ಸ ದಾಟ್ತು ಅಂದ್ರೆ ಅಲ್ಲು ಬಿದ್ದೋಯ್ತವೆ.”

ಫೋಟೋ ತೆಗೆಯುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಶೆಡ್ಡಿನ ಹಿಂದಕ್ಕೆ ಹೋಗಿ ವ್ಯಾಪಾರಿಯ ಫೋನಿನಲ್ಲಿದ್ದ ಹಳೆಯ ಮೆಸೇಜುಗಳನ್ನು ಮೇಲಿನಿಂದ ಓದಿದೆ. ಮೊದಲ ದಿನ ವ್ಯಾಪಾರಿ ಹೇಳಿದ್ದು ‘ಕುರಿ’ ಎಂದು. ನಾನು ಬರೆದಿದ್ದು ‘ಲ್ಯಾಂಬ್’ ಎಂದು. ಶೀಪ್ ಅಂದರೆ ಜೀವಂತ ಪ್ರಾಣಿ, ಮಟನ್ ಅಂದರೆ ನಮ್ಮ ಕಡೆ ಮೇಕೆಯೂ ಆಗುತ್ತದೆ. ಹಾಗಾಗಿ ಲ್ಯಾಂಬ್ ಸರಿಯಾದ ಪದ, ಸೊಗಸಾದ ಪದ ಅಂದುಕೊಂಡಿದ್ದೆ. ಮಾಂಸದ ಪೇಟೆಯಲ್ಲಿ ಲ್ಯಾಂಬ್ ಅಂದರೆ ವರ್ಷ ದಾಟದ ಮರಿ ಮಾತ್ರ ಎಂದು ಗೊತ್ತಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಆಕೆ ಕೊಟ್ಟ ರೇಟು ಎಳೆಯ ಮರಿಯ ಮಾಂಸದ ರೇಟು. ಲಾರಿಗೆ ಹತ್ತುತ್ತಿದ್ದದ್ದು ಎರಡು ಮೂರು ವರ್ಷದ ಕುರಿ.

ಸುಮ್ಮನಿದ್ದುಬಿಡಬಹುದಿತ್ತು. ಆ ಯೋಚನೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಲಾರಿಯ ಹಿಂಬಾಗಿಲು ತೆರೆದಿತ್ತು, ಹಲಗೆ ಇಟ್ಟು ಕುರಿಗಳನ್ನು ಹತ್ತಿಸುತ್ತಿದ್ದರು. ಇನ್ನರ್ಧ ಗಂಟೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಲಾರಿ ಹೊರಟುಹೋಗುತ್ತಿತ್ತು.

ವ್ಯಾಪಾರಿಯನ್ನು ಪಕ್ಕಕ್ಕೆ ಕರೆದು ಹೇಳಿದೆ. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಮುಖದ ಬಣ್ಣವೇ ಹೋಯಿತು.

“ಯಾ ಅಲ್ಲಾ! ಮೂರು ವಾರದಿಂದ ಊರೂರು ಸುತ್ತಿದ್ದೀನಿ ಟೀಚರಮ್ಮ.”

“ತಪ್ಪು ನನ್ನದು.”

ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಅಲ್ಲಿಗೆ ತಲೆ ಹೋಗಲ್ಲ. ತಲೆ ಇಲ್ದಿದ್ರೆ ಹಲ್ಲೆಲ್ಲಿ? ಐಸಾಗಿ ಪೀಸಾದ್ಮೇಲೆ ಯಾರಿಗೆ ಗೊತ್ತಾಗ್ತದೆ? ನೀವು ಗಪ್‌ಚುಪ್ ಇರಿ, ಸಾಕು.”

“ಲ್ಯಾಂಬ್ ಅಂತ ಬರೆದಿರೋದು ನನ್ನ ಕೈ. ಕಾರ್ಖಾನೆಯೋರು ಆ ಆರ್ಡರನ್ನೇ ನೋಡಿ ಚೀಟಿ ಅಂಟಿಸ್ತಾರೆ.”

“ನೀವು ಅವಳ ಕಡೆಯೋರಾ, ನಮ್ಮ ಕಡೆಯೋರಾ?” ದನಿ ಏರಿತು. ಕುರಿ ಹತ್ತಿಸುತ್ತಿದ್ದವರು ನಿಂತು ನಮ್ಮ ಕಡೆ ತಿರುಗಿದರು.

“ನೀವು ಬೇಡ ಅಂದ್ರೆ ಈಗ ಆಕೆಗೆ ಫೋನು ಮಾಡಲ್ಲ. ಆದ್ರೆ ಇನ್ನೊಂದು ಅಕ್ಷರ ಬರೆಯಲ್ಲ. ಅವರು ಕೇಳಿದ ದಿನ ಇದ್ದದ್ದು ಹೇಳ್ತೀನಿ,” ಅಂದೆ.

ಅವರು ಕಲ್ಲಿನ ಮೇಲೆ ಕೂತು ಟೋಪಿ ತೆಗೆದು ತಲೆ ಒರೆಸಿಕೊಂಡರು. ಕೊನೆಗೆ, “ಮಾಡಿ ಫೋನು,” ಅಂದರು.

ಆಕೆಗೆ ಅಲ್ಲಿ ಬೆಳಗಿನ ವ್ಯಾಪಾರದ ಹೊತ್ತು. ನಾನು ಹೇಳುತ್ತಾ ಹೋದೆ. ಹೇಳಿ ಮುಗಿಸುತ್ತಿದ್ದಂತೆ ಫೋನು ಕಟ್ಟಾಯಿತು. ಆಕೆಯೇ ಇಟ್ಟಳೋ, ಲೈನು ಹೋಯಿತೋ ತಿಳಿಯಲಿಲ್ಲ. ವ್ಯಾಪಾರಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾಗಲಮಡಿಕೆಯ ಹಿರಿಯರು ಬೀಡಿ ಹಚ್ಚಿ, “ಏಮಾಯ್ತಮ್ಮಾ?” ಅಂದರು. ಲಾರಿ ಡ್ರೈವರು ಹಾರನ್ ಹೊಡೆದ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹತ್ತಿದ್ದ ಕುರಿಗಳು ಬಾಯಾರಿ ಅರಚುತ್ತಿದ್ದವು.

ಫೋನು ಬಂತು. ಆಕೆಯ ಮೊದಲ ಮಾತು: “ಅವರನ್ನು ಕೇಳಿ. ಅವರಿಗೆ ಮೊದಲೇ ಗೊತ್ತಿತ್ತಾ?”

ಕೇಳಿದೆ. ವ್ಯಾಪಾರಿ ಫೋನಿನ ಹತ್ತಿರ ಬಾಗಿ, ಆಕೆಗೆ ಅರ್ಥವಾಗುವುದಿಲ್ಲವೆಂದು ಗೊತ್ತಿದ್ದೂ ಕನ್ನಡದಲ್ಲೇ ಹೇಳಿದರು: “ಇಲ್ಲಮ್ಮ. ಈಗ ಗೊತ್ತಾಯ್ತು. ಗೊತ್ತಾದ್ಮೇಲೂ ಅರ್ಧ ಗಳಿಗೆ ಬಾಯಿ ಮುಚ್ಕೊಂಡು ಕಳ್ಸೋಣ ಅಂತಿದ್ದೆ.”

ಎರಡನೆಯ ಮಾತನ್ನು ನುಂಗಬಹುದಿತ್ತು. ನುಂಗಲಿಲ್ಲ. ಎರಡನ್ನೂ ಹೇಳಿದೆ.

ಆಕೆ ನಗಲಿಲ್ಲ, ಬೈಯಲೂ ಇಲ್ಲ. ತನ್ನ ಗಿರಾಕಿಗಳು ಇದ್ದಿಲ ಒಲೆಯ ಮೇಲೆ ಶೇಂಗಾ ಹಾಕಿ ಸಾರು ಮಾಡುವವರು, ಬಲಿತ ಮಾಂಸ ಬೇಯಲು ಎರಡರಷ್ಟು ಇದ್ದಿಲು ಬೇಕು, ಎಳೆಯದೆಂದು ಇದನ್ನು ಮಾರಿದರೆ ಮಾರನೆಯ ದಿನ ಪಾತ್ರೆ ತಂದು ತನ್ನ ಮುಂದೆ ಕುಕ್ಕುತ್ತಾರೆ ಅಂದಳು. ಆಮೇಲೆ ಹೊಸ ರೇಟು ಹೇಳಿದಳು, ಬಲಿತ ಕುರಿಯದು. ಅದೂ ಅರ್ಧ ಮಾಲಿಗೆ ಮಾತ್ರ. ಸಂತೆಯ ರೇಟಿಗಿಂತ ಒಂದು ಕೂದಲು ಮೇಲೆ, ಅಷ್ಟೆ.

ವ್ಯಾಪಾರಿ ಒಪ್ಪಿದರು. ಹತ್ತಿಸಿದ್ದರಲ್ಲಿ ಅರ್ಧ ಕುರಿಗಳನ್ನು ಮತ್ತೆ ಇಳಿಸಿದರು. ಅವು ಮುಂದಿನ ಸಂತೆಯಲ್ಲಿ ಹೋದವಂತೆ, ಅವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಾಗಲಮಡಿಕೆಯ ಹಿರಿಯರಿಗೆ ಮಾತ್ರ ಮಾತಾಡಿದ ರೇಟನ್ನೇ ಕೊಟ್ಟರು. ಅವತ್ತು ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಅವರು ಬರಲಿಲ್ಲ. ಆಟೋ ಮಾಡಿಕೊಂಡು ಹೋದೆ.

ಎರಡು ತಿಂಗಳು ಅವರ ಸುದ್ದಿಯಿಲ್ಲ. ಬಡವನಹಳ್ಳಿಗೆ ಬಂದಾಗಲೂ ಶಾಲೆಯ ಕಡೆ ತಲೆ ಹಾಕಲಿಲ್ಲವೆಂದು ಕೇಳಿ ಬೇಜಾರಾಗಿತ್ತು. ಒಂದು ಶನಿವಾರ ಗೇಟಿನ ಹತ್ತಿರ ನಿಂತಿದ್ದರು. ಘಾನಾದಿಂದ ಮೆಸೇಜು ಬಂದಿತ್ತು. ಓದಿ ಹೇಳಿದೆ: ಮಾಲು ಹೇಳಿದ ಹಾಗೇ ಇತ್ತು, ಇನ್ನೊಂದು ಸಲ ಅಷ್ಟೇ ಬೇಕು, ಅದೇ ರೇಟಿಗೆ.

“ರೇಟು ಸ್ವಲ್ಪ ಏರಿಸು ಅಂತ ಬರೀರಿ,” ಅಂದರು. ನಾನು ಬರೆಯಲು ಕೂತೆ. ಅವರು ಪಕ್ಕದಲ್ಲಿ ಬಗ್ಗಿ, ಒಂದೊಂದು ಪದಕ್ಕೂ ಬೆರಳಿಟ್ಟು, “ಇದೇನು? ಇದೇನು?” ಎಂದು ಕೇಳುತ್ತಲೇ ಇದ್ದರು. ಎಂಟು ಸಾಲು ಬರೆದು ಮುಗಿಸಲು ಒಂದು ಗಂಟೆ ಹಿಡಿಯಿತು.